ವಾಪಸ್ ಬರಬೇಕಾದ ಸಾಮಾನುಗಳು

ನಮ್ಮ ಕೆಲಸವೇ ಅಂಥದ್ದು. ಒಂದು ಸಾಮಾನನ್ನು ನಾವು ಯಾವುದಕ್ಕೆಂದು ಮಾಡುತ್ತೇವೋ ಅದೊಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ನಮ್ಮ ಜನ ಅದನ್ನು ಬಳಸುತ್ತಾರೆ. ಒಂದು ಸಲ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ನಾನು ಮದುವೆಯಾಗಿ ಆಂಧ್ರದ ಗಡಿಯ ಆದೋನಿಗೆ ಬಂದು ಈ ಕೆಲಸ ಹಿಡಿದಾಗಿನಿಂದ ಆಗುತ್ತಲೇ ಇದೆ. ಈಗ ಸಿಟ್ಟು ಬರುವುದೂ ಕಡಿಮೆಯಾಗಿದೆ.

ಏನು ಕೆಲಸ ಅಂದರೆ, ಹತ್ತಿ ಮಿಲ್ಲೊಂದರ ಹಿಂದಿನ ಹಳೆಯ ಗೋದಾಮಿನಲ್ಲಿ ನಮ್ಮದೊಂದು ವರ್ಕ್‌ಶಾಪ್ ಇದೆ. ಮನೆಬಳಕೆಯ ಸಾಮಾನುಗಳನ್ನು ಹೊಸ ರೀತಿಯಲ್ಲಿ ವಿನ್ಯಾಸ ಮಾಡುವುದು ನಮ್ಮ ಕೆಲಸ. ಕೆಟ್ಟರೆ ಬಿಚ್ಚಿ ರಿಪೇರಿ ಮಾಡಲು ಬರಬೇಕು, ಸವೆದರೆ ಸವೆದ ಭಾಗವನ್ನಷ್ಟೇ ಬದಲಾಯಿಸಲು ಬರಬೇಕು, ಪೂರ್ತಿ ಮುಗಿದರೆ ತಿಪ್ಪೆಗೆ ಹೋಗದೆ ನಮ್ಮಲ್ಲಿಗೆ ವಾಪಸ್ ಬಂದು ಮತ್ತೊಂದು ಸಾಮಾನಾಗಬೇಕು. ಹೋದದ್ದು ಚಕ್ರದಂತೆ ತಿರುಗಿ ಬರಬೇಕು, ಅಷ್ಟೇ. ಮೊದಲ ದಿನ ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, "ಹಂಗಂದ್ರ ಹಳೇ ಸಾಮಾನಿನ ವ್ಯಾಪಾರ ಅನ್ನು," ಅಂದರು. ಅವತ್ತಿನಿಂದ ಓಣಿಯಲ್ಲಿ ನಾನು ಹಳೇ ಸಾಮಾನಿನ ಸೊಸೆ.

ವರ್ಕ್‌ಶಾಪಿನಲ್ಲಿ ಇರುವವರು ಇಬ್ಬರೇ, ನಾನು ಮತ್ತು ಒಬ್ಬ ಫಿಟ್ಟರ್. ನಾನು ಕಾಗದದ ಮೇಲೆ ಬರೆದದ್ದನ್ನು ಅವನು ಕಬ್ಬಿಣದಲ್ಲಿ ಮಾಡುತ್ತಾನೆ, ಮಾಡುತ್ತಾ ಗೊಣಗುತ್ತಾನೆ. ನಮ್ಮ ಮೇಲೆ ಹೈದರಾಬಾದಿನಲ್ಲಿ ಒಬ್ಬ ಸಾಹೇಬರಿದ್ದಾರೆ. ಅವರ ಕೈಕೆಳಗೆ ಇಂಥ ವರ್ಕ್‌ಶಾಪ್‌ಗಳು ಇನ್ನೂ ಇವೆ. ಹೋದ ವರ್ಷ ಅವರು ಫೋನ್ ಮಾಡಿ ಶಾಂತವಾಗಿಯೇ ಹೇಳಿದರು, ನಿಮ್ಮಿಂದ ಸಾಮಾನು ಹೋಗುವುದಷ್ಟೇ ಕಾಣುತ್ತದೆ, ಬರುವುದು ಕಾಣುವುದಿಲ್ಲ. ಏನಾದರೂ ಒಂದು ಸಾಮಾನು ಹೋಗಿ ಸರಿಯಾಗಿ ವಾಪಸ್ ಬಂದದ್ದನ್ನು ತೋರಿಸಿ, ಇಲ್ಲದಿದ್ದರೆ ಆದೋನಿಗೆ ಬೀಗ ಹಾಕಿ ಇಬ್ಬರೂ ಹೈದರಾಬಾದಿಗೆ ಬನ್ನಿ.

ಹೈದರಾಬಾದಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಫಿಟ್ಟರನಿಗಂತೂ ಆದೋನಿಯ ನೀರು ಬಿಟ್ಟರೆ ಬೇರೆ ನೀರು ಹಿಡಿಸುವುದಿಲ್ಲ. ಹಾಗಾಗಿ ಇಬ್ಬರೂ ಜಿದ್ದಿಗೆ ಬಿದ್ದವರಂತೆ ಕೆಲಸ ಮಾಡಿದೆವು. ಮುಂದಿನದು ಆ ಜಿದ್ದಿನ ಕಥೆ.

ಭಾಗದ ಫ್ಯಾನು

ಮೊದಲು ಮಾಡಿದ್ದು ಸ್ಟ್ಯಾಂಡಿನ ಫ್ಯಾನು. ಅಂಗಡಿಯ ಫ್ಯಾನು ಕೆಟ್ಟರೆ ಬಿಚ್ಚಲು ಬರುವುದಿಲ್ಲ, ಬಿಚ್ಚಿದರೆ ಮತ್ತೆ ಕೂಡಿಸಲು ಬರುವುದಿಲ್ಲ. ನಮ್ಮದು ಹಾಗಲ್ಲ. ಯಾವ ಹತಾರವೂ ಬೇಡ, ಕೈಯಿಂದ ತಿರುಗಿಸಿದರೆ ಸಾಕು, ಮೋಟಾರು ಬೇರೆ, ರೆಕ್ಕೆ ಬೇರೆ, ಜಾಳಿಗೆ ಬೇರೆ, ಸ್ಟ್ಯಾಂಡು ಬೇರೆ. ಕೆಟ್ಟ ಭಾಗವನ್ನಷ್ಟೇ ನಮಗೆ ಕಳಿಸಿದರೆ ಬೇರೆ ಭಾಗ ಕೊಡುತ್ತಿದ್ದೆವು. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಒಂದು ದಿನ ಪತ್ತಿಕೊಂಡದಿಂದ ದೂರು ಬಂತು, ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ ಅಂತ. ತಿರುಗುವ ಫ್ಯಾನಿಗೆ ಗಾಳಿ ಬರದಿರುವುದು ಹೇಗೆ ಅಂತ ಇಬ್ಬರೂ ತಲೆ ಕೆರೆದುಕೊಂಡು ಬಸ್ಸು ಹತ್ತಿದೆವು. ಫಿಟ್ಟರ್ ದಾರಿಯುದ್ದಕ್ಕೂ ರೆಕ್ಕೆ ಉಲ್ಟಾ ಹಾಕಿರಬೇಕು ಅಂತ ಹೇಳುತ್ತಲೇ ಬಂದ.

ಮನೆಯ ಯಜಮಾನ ನಮ್ಮನ್ನು ಕೂಡಿಸಿ, ನೀರು ಕೊಟ್ಟು, ಸ್ವಿಚ್ಚು ಹಾಕಿ ತೋರಿಸಿದ. ಸ್ಟೂಲಿನ ಮೇಲೆ ಬರೀ ಮೋಟಾರು ಕೂತಿತ್ತು. ಅದರ ಕಡ್ಡಿ ಗಿರ್ರನೆ ತಿರುಗುತ್ತಿತ್ತು. ರೆಕ್ಕೆ ಎಲ್ಲಿ ಅಂದೆ. ಪಕ್ಕದ ಗೋಡೆ ತೋರಿಸಿ, ಆ ಕಡೆ ತಮ್ಮನ ಮನೆಯಲ್ಲಿದೆ ಅಂದ. ತಮ್ಮನ ಮನೆಗೆ ಹೋದರೆ ರೆಕ್ಕೆ, ಜಾಳಿಗೆ ಎರಡೂ ಮೊಳೆಗೆ ತೂಗುಬಿದ್ದಿದ್ದವು, ಒರೆಸಿ ಫಳಫಳ ಹೊಳೆಯುವಂತೆ ಇಟ್ಟಿದ್ದರು. ಅವನೂ ತನಗೆ ಗಾಳಿ ಬರುತ್ತಿಲ್ಲ ಅಂತ ದೂರು ಹೇಳಿದ.

ಆಗಿದ್ದಿಷ್ಟು. ಅಣ್ಣ ತಮ್ಮ ಬೇರೆಯಾದರು. ಊರಿನ ಹಿರಿಯರು ಕೂತು ಭಾಗ ಮಾಡಿದರು. ಕಪಾಟು ಯಾರಿಗೆ ಎಂಬ ಜಗಳ, ಕಟ್ಟಿಗೆಯ ಮಂಚ ಯಾರಿಗೆ ಎಂಬ ಜಗಳ. ಆಗ ನಮ್ಮ ಫ್ಯಾನು ಬಂತು. ಮುರಿಯದೆ ಬಿಚ್ಚುವ ಸಾಮಾನು ಅಂತ ಗೊತ್ತಾದ ಕೂಡಲೇ ಹಿರಿಯರಿಗೆ ಹೋದ ಜೀವ ಬಂದಂತಾಯಿತು. ಆ ಇಡೀ ಭಾಗದಲ್ಲಿ ಮನಸ್ತಾಪವಿಲ್ಲದೆ ಹಂಚಿಹೋದದ್ದು ಅದೊಂದೇ ಅಂತೆ. ಅದನ್ನು ಮಾಡಿದವರು ಪುಣ್ಯವಂತರು ಅಂತ ಹಿರಿಯರೊಬ್ಬರು ನನ್ನನ್ನು ಹೊಗಳಿದ್ದರಂತೆ.

ನಾನು ಒಂದು ಉಪಾಯ ಹೇಳಿದೆ. ಎರಡನ್ನೂ ಕೂಡಿಸೋಣ, ಒಂದು ವಾರ ಅಣ್ಣ ಇಟ್ಟುಕೊಳ್ಳಲಿ, ಒಂದು ವಾರ ತಮ್ಮ ಇಟ್ಟುಕೊಳ್ಳಲಿ. ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡದ ಅಣ್ಣ ತಮ್ಮ ಈಗ ಒಂದಾಗಿ ನನ್ನ ಮೇಲೆ ಬಿದ್ದರು. ಭಾಗವಾದದ್ದನ್ನು ಮತ್ತೆ ಕೂಡಿಸುವುದು ಮನೆತನಕ್ಕೆ ಒಳ್ಳೆಯದಲ್ಲವಂತೆ. ಆಯಿತಪ್ಪ ಅಂತ ಸುಮ್ಮನಾಗಿ, ಹೊರಡುವ ಮುಂಚೆ ಸ್ಟ್ಯಾಂಡ್ ಎಲ್ಲಿದೆ ಅಂತ ಕೇಳಿದೆ.

"ಅದನ್ನ ತಂಗಿಗಿ ಅರಿಶಿಣ-ಕುಂಕುಮಕ್ಕಂತ ಕೊಟ್ಟೀವ್ರಿ," ಅಂದ ಅಣ್ಣ. "ಆಕಿ ಅದರ ಮ್ಯಾಲೆ ದೇವರ ದೀಪ ಇಟ್ಟಾಳ. ಎತ್ತರಾನೂ ಮಾಡಬಹುದು, ಇಳಿಸಲೂಬಹುದು. ಭಾಳ ಚಲೋ ಐತಿ ಅಂತಾಳ."

ಮಾಸದ ಚೀಲ

ಇದು ಸಣ್ಣದು. ಎಮ್ಮಿಗನೂರಿನ ಮಗ್ಗಗಳಲ್ಲಿ ಸೀರೆ ನೇಯ್ದ ಮೇಲೆ ಚೋಟುದ್ದದ ದಾರದ ತುಂಡುಗಳು ಉಳಿಯುತ್ತವೆ. ಅವನ್ನೆಲ್ಲ ಸೇರಿಸಿ, ಪ್ಲಾಸ್ಟಿಕ್ ಕವರಿನ ಬದಲು ಹಿಡಿಯಲು ಒಂದು ಚೀಲ ಮಾಡಿಸಿದೆ. ಬಣ್ಣಬಣ್ಣದ ಪಟ್ಟಿ, ಗಟ್ಟಿ ಹಿಡಿಕೆ. ಹರಿದ ಮೇಲೆ ತಂದುಕೊಟ್ಟರೆ ಅದೇ ದಾರದಿಂದ ಹೊಸ ಚೀಲ. ಸಂತೆಯಲ್ಲಿ ಹಂಚಿದೆವು. ಜನ ಮುಗಿಬಿದ್ದು ಒಯ್ದರು.

ತಿಂಗಳು ಕಳೆದರೂ ಒಂದು ಚೀಲ ಹರಿಯಲಿಲ್ಲ. ಹರಿಯದಿದ್ದರೆ ವಾಪಸ್ ಬರುವುದು ಹೇಗೆ? ಇಷ್ಟು ಗಟ್ಟಿಯಾಗಿ ಮಾಡಬಾರದಿತ್ತು ಅಂತ ಫಿಟ್ಟರ್ ನನಗೇ ಬುದ್ಧಿ ಹೇಳಿದ. ನೋಡೋಣ ಅಂತ ಸಂತೆಯ ದಿನ ಎಮ್ಮಿಗನೂರಿಗೆ ಹೋಗಿ ಬದನೆಕಾಯಿ ಅಂಗಡಿಯ ಪಕ್ಕ ನಿಂತೆ. ಎಲ್ಲರ ಕೈಯಲ್ಲೂ ಅದೇ ತೆಳು ಪ್ಲಾಸ್ಟಿಕ್ ಕವರು. ನನ್ನ ಚೀಲ ಎಲ್ಲೂ ಕಾಣಲಿಲ್ಲ.

ಕಡೆಗೆ ಒಬ್ಬ ಹೆಂಗಸನ್ನು ತಡೆದು, ಚೀಲ ಒಯ್ದಿದ್ದಿರಲ್ಲ, ಎಲ್ಲಿ ಅಂತ ಕೇಳಿಯೇ ಬಿಟ್ಟೆ. ಆಕೆ ಇಲ್ಲೇ ಇದೆಯಲ್ಲ ಅಂತ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ತೆರೆದು ತೋರಿಸಿದಳು. ಒಳಗೆ ನನ್ನ ಚೀಲ ನಾಲ್ಕು ಮಡಿಕೆಯಲ್ಲಿ ಮಲಗಿತ್ತು, ಅದರ ಮೇಲೆ ಟೊಮೇಟೊ.

"ಇಷ್ಟು ಚಂದ ಐತಿ, ಸಂತ್ಯಾಗ ಹಿಡದ್ರ ಮಾಸಂಗಿಲ್ಲೇನ್ರಿ?" ಅಂದಳು.

ದೃಷ್ಟಿಯ ಅಟ್ಟೆ

ಚಿಪ್ಪಗಿರಿಯ ಕಡೆ ಕುರಿ ಸಾಕುವವರು ದಿನವಿಡೀ ನಡೆಯುತ್ತಾರೆ. ಅವರ ಚಪ್ಪಲಿ ಬೇಗ ಸವೆಯುತ್ತದೆ. ಬೇಗ ಸವೆದರೆ ಬೇಗ ವಾಪಸ್ ಬರುತ್ತದೆ. ಈ ಲೆಕ್ಕ ಹಾಕಿ ನಾನು ತಳದ ಅಟ್ಟೆ ಕಳಚುವ ಚಪ್ಪಲಿ ಮಾಡಿದೆ. ಮೇಲಿನ ಪಟ್ಟಿ ಹಾಗೇ ಇರುತ್ತದೆ, ಸವೆದ ಅಟ್ಟೆ ತಂದುಕೊಟ್ಟರೆ ಹೊಸ ಅಟ್ಟೆ ಸಿಗುತ್ತದೆ. ಪ್ರತಿ ಅಟ್ಟೆಯ ಕೆಳಗೆ ನಮ್ಮ ಗುರುತಾಗಿ ಒಂದು ಚಕ್ರ ಒತ್ತಿಸಿದ್ದೆ. ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯಲ್ಲಿ ಹೊಸ ಅಟ್ಟೆಗಳ ಮೂಟೆ ಇಟ್ಟು ಬಂದೆವು.

ಮೂಟೆ ಹೇಗಿತ್ತೋ ಹಾಗೇ ಕೂತಿತು. ಚಹಾ ಅಂಗಡಿಯವನು ಅದನ್ನು ಗಿರಾಕಿಗಳಿಗೆ ಕೂಡಲು ಮಣೆ ಮಾಡಿಕೊಂಡಿದ್ದ. ಚಪ್ಪಲಿ ಸವೆಯಲಿಲ್ಲವೇ, ಅಥವಾ ಯಾರೂ ಹಾಕಲಿಲ್ಲವೇ? ವಿಚಾರಿಸಲು ನಾನೇ ಹೊರಟೆ.

ಶೇರ್ ಆಟೋ ಹತ್ತಲು ಹೋದಾಗ ಅದರ ಹಿಂದೆ ಏನೋ ತೂಗಾಡುತ್ತಿರುವುದು ಕಂಡಿತು. ನಿಂಬೆಹಣ್ಣು, ಅದರ ಕೆಳಗೆ ಮೆಣಸಿನಕಾಯಿ, ಅದರ ಕೆಳಗೆ ಸವೆದ ಚಪ್ಪಲಿಯ ಅಟ್ಟೆ. ಅಟ್ಟೆಯ ಮೇಲೆ ಅರ್ಧ ಅಳಿಸಿದ ಚಕ್ರ. ಮುಂದಿನ ಆಟೋ ನೋಡಿದೆ, ಅದಕ್ಕೂ ಅದೇ. ಅದರ ಮುಂದಿನದಕ್ಕೆ ಎಡಗಾಲಿನದೂ ಬಲಗಾಲಿನದೂ ಎರಡೂ ಇದ್ದವು. ದಾರಿಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮನೆಯೊಂದರ ಚಾವಣಿಯ ಮೇಲೂ ನಮ್ಮ ಚಕ್ರ ಗಾಳಿಗೆ ತಿರುಗುತ್ತಿತ್ತು. ದೃಷ್ಟಿ ತಾಕದಿರಲಿ ಅಂತ ಹಳೇ ಚಪ್ಪಲಿ ಕಟ್ಟುವುದು ನಮ್ಮ ಕಡೆ ಇರುವುದೇ. ಇಷ್ಟು ದಿನ ಪೂರ್ತಿ ಚಪ್ಪಲಿಯನ್ನು ಕಟ್ಟಬೇಕಾಗಿತ್ತು, ಪಟ್ಟಿ ಸಿಕ್ಕಿಕೊಂಡು ತೊಂದರೆ ಆಗುತ್ತಿತ್ತು. ನಾನು ಅದನ್ನು ಸಲೀಸು ಮಾಡಿಕೊಟ್ಟಿದ್ದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕೆಲಸ.

ಊರಿನಲ್ಲಿ ಒಬ್ಬ ಕುರಿಗಾರನನ್ನು ಹಿಡಿದು ಕೇಳಿದೆ. ಹಳೇ ಅಟ್ಟೆ ಕೊಟ್ಟರೆ ಹೊಸದು ಸಿಗುತ್ತದಲ್ಲ, ಯಾಕೆ ಕೊಡಲಿಲ್ಲ? ಆಟೋದವರು ಬಿಡುವುದಿಲ್ಲ ಅಂದ. ಕುರಿಯ ಹಿಂದೆ ಅಷ್ಟು ನೆಲ ಸುತ್ತಿದ ಅಟ್ಟೆಗೆ ದೃಷ್ಟಿ ಹತ್ತಿರವೂ ಬರುವುದಿಲ್ಲವೆಂದು ಅವರ ನಂಬಿಕೆ. ಕೊಟ್ಟವರನ್ನು ಸಂತೆಯತನಕ ಪುಕ್ಕಟೆ ಕರೆದೊಯ್ಯುತ್ತಾರೆ. ಹಾಗಾದರೆ ನೀನು ಈಗ ಏನು ಹಾಕಿಕೊಂಡಿದ್ದೀ ಅಂದೆ. ಕಾಲೆತ್ತಿ ತೋರಿಸಿದ. ನಮ್ಮ ಪಟ್ಟಿಗೆ ಹಳೇ ಲಾರಿ ಟೈರಿನ ತುಂಡು ಕತ್ತರಿಸಿ ಕೂಡಿಸಿಕೊಂಡಿದ್ದ. ಅದು ಸವೆಯುವುದೇ ಇಲ್ಲವಂತೆ.

ವಾಪಸ್ ಬರುವಾಗ ಆಟೋದವನು, ಇದನ್ನು ಮಾಡಿದವರು ನೀವೇ ಅಂತ ಕೇಳಿದ್ದೇನೆ ಅಂತ ಮಾತಿಗೆ ಎಳೆದ. ಕಡೆಗೂ ಒಬ್ಬ ಅಭಿಮಾನಿ ಸಿಕ್ಕ ಅಂದುಕೊಂಡೆ. ಅವನು ಅಲ್ಲಿಯೇ ಒಂದು ಡಜನ್‌ಗೆ ಆರ್ಡರ್ ಕೊಟ್ಟ. ಚಿಪ್ಪಗಿರಿಯಿಂದ ನಮಗೆ ಬಂದ ಒಂದೇ ಆರ್ಡರ್ ಅದು.

"ಪಟ್ಟಿ ಬ್ಯಾಡ್ರಿ, ಬರೀ ಅಟ್ಟಿ ಸಾಕು," ಅಂದ. "ನೀವ ಮೊದಲ ಸವೆಸಿ, ದಾರ ಕಟ್ಟಾಕ ಒಂದು ತೂತ ಹಾಕಿ ಕಳಸ್ರಿ."

ಚೈನಿನ ಗಾದಿ

ಇದು ಮನೆಯೊಳಗಿನದು. ಹತ್ತಿಯ ಊರಿನಲ್ಲಿ ಇದ್ದು ಹತ್ತಿಯ ಸಾಮಾನು ಮಾಡದಿದ್ದರೆ ಹೇಗೆ ಅಂತ ಒಂದು ಗಾದಿ ಮಾಡಿದೆ. ಹಳೇ ಗಾದಿ ಗಂಟುಗಂಟಾದರೆ ಹೊಲಿಗೆ ಬಿಚ್ಚಬೇಕು, ಹತ್ತಿ ಹಿಂಜಿಸಬೇಕು, ಮತ್ತೆ ಹೊಲಿಸಬೇಕು. ಆ ರಗಳೆಗೆ ಅಂಜಿ ಜನ ಸ್ಪಂಜಿನ ಗಾದಿ ಕೊಳ್ಳುತ್ತಾರೆ. ನಾನು ಒಂದು ಕಡೆ ಉದ್ದಕ್ಕೂ ಚೈನು ಹಚ್ಚಿದೆ, ಬ್ಯಾಗಿಗೆ ಇರುತ್ತದಲ್ಲ, ಅಂಥದ್ದು. ಎಳೆದು ಹತ್ತಿ ತೆಗೆದು, ಹಿಂಜಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿದರೆ ಹೊಸ ಗಾದಿ. ಊರಿಗೆ ಕೊಡುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡೋಣ ಅಂತ ಮಾವನವರ ಮಂಚಕ್ಕೆ ಹಾಸಿದೆ.

ಮಾವನವರು ಹತ್ತಿ ವ್ಯಾಪಾರದಲ್ಲಿ ಹಣ್ಣಾದವರು. ಗಾದಿಯನ್ನು ಒತ್ತಿ ನೋಡಿ, ಚೈನನ್ನು ಎರಡು ಸಲ ಎಳೆದು ನೋಡಿ, ಚಲೋ ಇದೆ ಅಂದರು. ಅವರು ಯಾವ ಸಾಮಾನನ್ನೂ ಅಷ್ಟು ಬೇಗ ಒಪ್ಪಿದವರಲ್ಲ. ನನಗೆ ಖುಷಿಯಾಯಿತು.

ಅವರಿಗೆ ಸಕ್ಕರೆ ಕಾಯಿಲೆ. ಅತ್ತೆ ಮನೆಯಲ್ಲಿ ಬೆಲ್ಲದ ಡಬ್ಬಿಗೂ ಬೀಗ ಹಾಕಿದ್ದರು. ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ ಬಿಟ್ಟರೆ ಬೇರೆ ಕೊಡುತ್ತಿರಲಿಲ್ಲ. ಆದರೂ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಗುಳಿಗೆ ಜಾಸ್ತಿ ಮಾಡಿದರು, ಆಗಲೂ ಇಳಿಯಲಿಲ್ಲ. ಅತ್ತೆಗೆ ಡಾಕ್ಟರ ಮೇಲೆಯೇ ಅನುಮಾನ ಬಂದು, ಬಳ್ಳಾರಿಯ ಡಾಕ್ಟರಿಗೆ ತೋರಿಸುವ ಮಾತು ನಡೆದಿತ್ತು.

ಒಂದು ಬೆಳಿಗ್ಗೆ ಹೊಸ್ತಿಲಿನಿಂದ ಮಂಚದವರೆಗೆ ಇರುವೆಯ ಸಾಲು. ಅತ್ತೆ ನನ್ನನ್ನು ಕರೆದು, ನಿನ್ನ ಗಾದಿಗೆ ಇರುವೆ ಹತ್ತಿದೆ, ಹತ್ತಿ ಕೊಳೆತಿರಬೇಕು ಅಂದರು. ಗಾದಿಯ ಬಗ್ಗೆ ಮಾತು ಬಂದರೆ ನಾನು ಸುಮ್ಮನಿರುವವಳಲ್ಲ. ನಾನೇ ನಿಂತು ಒಣಗಿಸಿದ ಹತ್ತಿ ಅದು, ಕೊಳೆಯುವ ಮಾತೇ ಇಲ್ಲ ಅಂತ ವಾದ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯವರನ್ನೂ ಕರೆದು, ಎಲ್ಲರೆದುರಿಗೆ ತೋರಿಸುತ್ತೇನೆ ನೋಡಿ ಅಂತ ಒಂದೇ ಎಳೆತಕ್ಕೆ ಚೈನು ತೆರೆದೆ.

ಹತ್ತಿ ಬೆಳ್ಳಗೆ ಶುದ್ಧವಾಗಿತ್ತು. ಅದರ ನಡುವಿನಿಂದ ಮೊದಲು ಒಂದು ಶೇಂಗಾ ಉಂಡಿ ಉರುಳಿತು. ಆಮೇಲೆ ಇನ್ನೊಂದು. ಆಮೇಲೆ ಎರಡು ಬೆಲ್ಲದ ಅಚ್ಚು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಕಾಗದದಲ್ಲಿ ಸುತ್ತಿದ ಜಿಲೇಬಿ. ಅತ್ತೆ ಒಂದೊಂದನ್ನೇ ಎತ್ತಿ ಸೆರಗಿಗೆ ಹಾಕಿಕೊಂಡರು. ಪಕ್ಕದ ಮನೆಯವರು ಬಂದ ದಾರಿ ಹಿಡಿದರು.

ಮಾವನವರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಳಿಸದೆ ನನಗೆ ಹೇಳಿದರು, "ಗಾದಿ ಭಾಳ ಚಲೋ ಮಾಡೀಯವ್ವ. ಆದ್ರ ಚೈನು ಸಪ್ಪಳ ಮಾಡ್ತೈತಿ, ಅದೊಂದು ನೋಡು."

ಒಗ್ಗರಣೆ ಡಬ್ಬಿ

ಕಡೆಗೆ ಉಳಿದದ್ದು ಡಬ್ಬಿ. ಸಾಹೇಬರು ಇದೇ ಕೊನೆ ಅಂತ ಹೇಳಿಬಿಟ್ಟಿದ್ದರು. ಡಬ್ಬಿಗಳು ಊರೊಳಗೆ ಹೋಗಿ ಎಲ್ಲವೂ ವಾಪಸ್ ಬಂದರೆ ವರ್ಕ್‌ಶಾಪ್ ಉಳಿಯುತ್ತದೆ. ಬರದಿದ್ದರೆ ಬೀಗ.

ಆದೋನಿಯಲ್ಲಿ ಬೆಳಿಗ್ಗೆ ಎದ್ದರೆ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿಯನ್ನು ನೆನೆಸಿ ಹಿಂಡಿ ಮಾಡುವ ಒಗ್ಗರಣೆಯನ್ನು ಮನೆಗೆ ಕಟ್ಟಿಸಿಕೊಂಡು ಹೋಗುವವರೇ ಜಾಸ್ತಿ. ಅಷ್ಟೂ ಪ್ಲಾಸ್ಟಿಕ್ ಕವರಿನಲ್ಲಿ ಹೋಗಿ ಗಟಾರಕ್ಕೆ ಬೀಳುತ್ತದೆ. ಅದಕ್ಕೆ ನಾನು ಒಂದು ಸ್ಟೀಲಿನ ಡಬ್ಬಿ ಮಾಡಿದೆ. ಮೂಲೆಗಳಿಲ್ಲ, ಹಾಗಾಗಿ ಎಣ್ಣೆ ಕೂರುವುದಿಲ್ಲ. ಮುಚ್ಚಳ ಡಬ್ಬಿಗೇ ಕೂಡಿಕೊಂಡಿರುತ್ತದೆ, ಹಾಗಾಗಿ ಕಳೆಯುವುದಿಲ್ಲ. ನಮ್ಮ ಓಣಿಯ ತುದಿಯಲ್ಲಿ ಒಗ್ಗರಣೆ ಮಾರುವ ಅಕ್ಕನಿಗೆ ಐವತ್ತು ಡಬ್ಬಿ ಕೊಟ್ಟೆವು. ಗಿರಾಕಿ ಇವತ್ತು ಡಬ್ಬಿಯಲ್ಲಿ ಒಯ್ಯಬೇಕು, ನಾಳೆ ತೊಳೆದು ತಂದುಕೊಡಬೇಕು. ಇದರಲ್ಲಿ ತಪ್ಪಾಗಲು ಏನಿದೆ?

ಮೊದಲ ದಿನವೇ ಡಬ್ಬಿಗಳೆಲ್ಲ ಹೋದವು. ಮರುದಿನ ಒಂದೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರವಾಯಿತು. ಒಗ್ಗರಣೆ ತಿನ್ನಲು ಅದೇ ಜನ ದಿನಾ ಬರುತ್ತಿದ್ದರು, ಅಕ್ಕನ ಕಣ್ಣು ತಪ್ಪಿಸಿ ನಿಲ್ಲುತ್ತಿದ್ದರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅಂತ ಫಿಟ್ಟರ್ ಹೇಳಿ ಹೇಳಿ ನನ್ನ ತಲೆ ತಿಂದ. ನನಗೆ ನಿಜವಾಗಿಯೂ ಭಯವಾಗಿತ್ತು. ಹೈದರಾಬಾದಿನಲ್ಲಿ ಮನೆ ಹುಡುಕುವ ಮಾತನ್ನು ಗಂಡನ ಹತ್ತಿರ ಒಂದು ಸಲ ಎತ್ತಿಯೂ ಬಿಟ್ಟೆ.

ತಡೆಯಲಾರದೆ ಓಣಿಯ ಮನೆಮನೆಗೆ ಹೊರಟೆ. ಮೊದಲ ಮನೆಯಾಕೆ ನನ್ನನ್ನು ಕಂಡ ಕೂಡಲೇ ನಾಚಿಕೊಂಡಳು. ಡಬ್ಬಿ ಒಳಗೆ ಕಪಾಟಿನ ಮೇಲೆ ತೊಳೆದು ಇಟ್ಟಿತ್ತು, ನನಗೇ ಕಾಣುತ್ತಿತ್ತು. ಕೊಡು ಅಂದೆ. ನಾಳೆ ಕೊಡುತ್ತೇನೆ ಅಂದಳು. ಇವತ್ತೇ ಯಾಕೆ ಬೇಡ ಅಂದೆ.

"ಬರೀ ಡಬ್ಬಿ ಹ್ಯಾಂಗ ಕೊಡ್ಲಿ?" ಅಂದಳು. "ಶೇಂಗಾ ಹುರದೀನಿ, ಇನ್ನಾ ಕುಟ್ಟಿಲ್ಲ. ನಾಳೆ ಚಟ್ನಿಪುಡಿ ಹಾಕಿ ಕೊಡ್ತೀನಿ."

ನಾನು ಅಲ್ಲೇ ಜಗುಲಿಯ ಮೇಲೆ ಕೂತೆ. ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು. ಇದನ್ನು ನನಗೂ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಮೂಲೆ ಇರಬಾರದು, ಮುಚ್ಚಳ ಕಳೆಯಬಾರದು, ಎಲ್ಲ ಯೋಚಿಸಿದ್ದ ನನಗೆ ಇದು ಹೊಳೆದಿರಲಿಲ್ಲ. ಎರಡನೆಯ ಮನೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಇನ್ನೂ ಕಳಿತಿರಲಿಲ್ಲ. ಮೂರನೆಯ ಮನೆಯವರು ತಂಗಿಯ ಊರಿನಿಂದ ಬೆಲ್ಲ ಬರುವುದನ್ನು ಕಾಯುತ್ತಿದ್ದರು. ಇಡೀ ಓಣಿ ಡಬ್ಬಿಗೆ ಏನು ತುಂಬುವುದು ಎಂಬ ಚಿಂತೆಯಲ್ಲಿ ಸೊರಗಿತ್ತು. ಸ್ಟೀಲು ಇಷ್ಟು ಹೊಳೆಯುತ್ತದೆ, ಇದಕ್ಕೆ ಚಿಟಿಕೆ ಸಕ್ಕರೆ ಹಾಕಿ ಕೊಟ್ಟರೆ ಮರ್ಯಾದೆಯೇ ಅಂತ ಒಬ್ಬಾಕೆ ನನ್ನನ್ನೇ ಕೇಳಿದಳು.

ಹತ್ತು ದಿನದ ಮೇಲೆ ಡಬ್ಬಿಗಳು ಬರತೊಡಗಿದವು. ಚಟ್ನಿಪುಡಿ, ಉಪ್ಪಿನಕಾಯಿ, ಹುಣಸೆ ತೊಕ್ಕು, ಸಂಡಿಗೆ, ಕಡಲೆ. ಅಕ್ಕನೂ ಅದೇ ಊರಿನವಳು. ಇಷ್ಟು ಕೊಟ್ಟವರಿಗೆ ಬರೀ ಒಗ್ಗರಣೆ ಕೊಟ್ಟರೆ ಹೇಗೆ ಅಂತ ಆಕೆ ಎರಡು ಬಜ್ಜಿ ಜಾಸ್ತಿ ಇಟ್ಟಳು. ಜಾಸ್ತಿ ಬಜ್ಜಿ ತಿಂದವರು ಮರುಸಲ ಡಬ್ಬಿಗೆ ಹೋಳಿಗೆ ಹಾಕಿದರು. ಅಕ್ಕನ ಅಂಗಡಿಯ ಹಿಂದೆ ಕಿರಾಣಿ ಅಂಗಡಿಯೇ ಎದ್ದಿತು. ಆದರೆ ಡಬ್ಬಿಗಳು ತಿರುಗುತ್ತಿದ್ದವು. ನಾನು ಸಾಹೇಬರಿಗೆ ಫೋನ್ ಮಾಡಿ ಬಂದು ನೋಡಿ ಅಂದೆ.

ಸಾಹೇಬರು ಬಂದರು. ಗಂಭೀರ ಮನುಷ್ಯರು, ನಗುವುದು ಕಡಿಮೆ. ಅಂಗಡಿಯ ಪಕ್ಕ ನಿಂತು ಬರುವ ಡಬ್ಬಿಗಳನ್ನು ಒಂದೊಂದೇ ತೆರೆದು ನೋಡಿದರು. ಡಬ್ಬಿ ಖಾಲಿ ಬರಬೇಕಲ್ಲ, ಇದೇನು ಅಂತ ತೆಲುಗಿನಲ್ಲಿ ಕೇಳಿದರು. ನಾನು ಪದ್ಧತಿ ಹೇಳಿದೆ. ಪದ್ಧತಿ ಬೇರೆ, ಯೋಜನೆ ಬೇರೆ ಅಂದರು. ಒಂದು ದಿನ ಗೊತ್ತು ಮಾಡಿ ಎಲ್ಲ ಡಬ್ಬಿ ಒಟ್ಟಿಗೆ ತರಿಸಿ, ಒಂದೂ ಕಡಿಮೆ ಇರಬಾರದು, ಆಮೇಲೆ ವರ್ಕ್‌ಶಾಪಿನ ವಿಷಯ ನಿರ್ಧಾರ ಮಾಡುತ್ತೇನೆ ಅಂತ ಹೇಳಿ ರೈಲಿಗೆ ಹೊರಟರು. ಊಟದ ಹೊತ್ತಾಗಿತ್ತು. ಪಾಪ ಅಂತ ಅಕ್ಕ ಅವರಿಗೆ ಬಿಸಿ ಒಗ್ಗರಣೆ ಕಟ್ಟಿಕೊಟ್ಟಳು.

ಗೊತ್ತು ಮಾಡಿದ ದಿನ ಡಬ್ಬಿಗಳು ಬಂದವು. ನಲವತ್ತೊಂಬತ್ತು. ಒಂದು ಕಡಿಮೆ. ಫಿಟ್ಟರ್ ಗೊಣಗುವುದನ್ನೂ ಬಿಟ್ಟು ಓಣಿಯ ಕಪಾಟುಗಳನ್ನೆಲ್ಲ ಹುಡುಕಿಸಿದ. ಊರಿಗೆ ಹೋದವರಿಗೆ ಫೋನ್ ಮಾಡಿಸಿದ. ನಾನು ಬಾವಿಯ ಕಟ್ಟೆ, ಗುಡಿಯ ಹಿಂದೆ, ಎಮ್ಮೆ ಕಟ್ಟುವ ಜಾಗ ಎಲ್ಲ ನೋಡಿ ಬಂದೆ. ಒಂದು ಡಬ್ಬಿಗಾಗಿ ಇಡೀ ವರ್ಕ್‌ಶಾಪ್ ಹೋಗುತ್ತದಲ್ಲ ಅಂತ ಅಕ್ಕನ ಅಂಗಡಿಯ ಮುಂದೆ ಅಳುವುದೊಂದು ಬಾಕಿಯಿತ್ತು. ಆಗ ಅಕ್ಕ ಬಜ್ಜಿ ಕರಿಯುತ್ತಲೇ ಹೇಳಿದಳು, "ಅದನ್ನ ನಿಮ್ಮ ಹೈದರಾಬಾದ್ ಸಾಹೇಬ್ರು ಒಯ್ದಾರಲ್ರಿ."

ಮೇಲಿನವರಿಗೆ ಫೋನ್ ಮಾಡಿ ಡಬ್ಬಿ ಕೊಡಿ ಅಂತ ಕೇಳುವುದು ಹೇಗೆ? ಬೇಡ, ನಮ್ಮದೇ ಒಂದು ಹೊಸದು ಸೇರಿಸಿ ಐವತ್ತು ಮಾಡಿಬಿಡೋಣ ಅಂದ ಫಿಟ್ಟರ್. ನನಗೆ ಮನಸ್ಸಾಗಲಿಲ್ಲ. ಧೈರ್ಯ ಮಾಡಿ ಫೋನ್ ಹಚ್ಚಿದೆ. ಎಲ್ಲ ಬಂದಿವೆ ಸಾರ್, ಒಂದೇ ಒಂದು ಬಾಕಿ, ಅದು ತಮ್ಮ ಮನೆಯಲ್ಲಿ ಇರಬಹುದು ಅಂದೆ. ಸಾಹೇಬರು ದನಿ ತಗ್ಗಿಸಿ, ಡಬ್ಬಿ ಇಲ್ಲೇ ಇದೆ, ಅವತ್ತೇ ಕಳಿಸಲು ಹೊರಟಿದ್ದೆ, ಆದರೆ ನಮ್ಮ ತಾಯಿಯವರು, ಅಂತ ತಡೆದರು. ಅಷ್ಟರಲ್ಲಿ ಫೋನು ಬೇರೆ ಕೈಗೆ ಹೋದದ್ದು ಗೊತ್ತಾಯಿತು.

"ಖಾಳೀ ಡಬ್ಬಾ ಎಲಾ ಪಂಪಿಸ್ತಾನು ತಲ್ಲೀ?" ಅಂತ ಒಂದು ಮುಪ್ಪಿನ ದನಿ ಕೇಳಿತು. ಬರೀ ಡಬ್ಬಿ ಹ್ಯಾಂಗ ಕಳಸ್ಲಿ ಎಂಬ ನಮ್ಮ ಓಣಿಯ ಮಾತೇ, ತೆಲುಗಿನಲ್ಲಿ.

ಆ ತಾಯಿಯವರು ಮಾವಿನಕಾಯಿ ಬರುವುದನ್ನು ಕಾಯುತ್ತಿದ್ದರು. ಅಷ್ಟು ರುಚಿಯ ಒಗ್ಗರಣೆ ಕಳಿಸಿದವರಿಗೆ ಆವಕಾಯಿ ಉಪ್ಪಿನಕಾಯಿಗಿಂತ ಕಡಿಮೆಯದು ಹಾಕಿ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ನಾನು ಸಂಕೋಚದಿಂದ, ಅಮ್ಮಾ, ಮಾವಿನಕಾಯಿ ಬರುವ ಹೊತ್ತಿಗೆ ಈ ವರ್ಕ್‌ಶಾಪ್ ಇರುತ್ತದೋ ಇಲ್ಲವೋ, ಮುಚ್ಚುವ ಮಾತಿದೆ ಅಂದೆ. ಯಾರು ಮುಚ್ಚುವವರು ಅಂತ ಕೇಳಿದರು. ಉತ್ತರ ಅವರ ಪಕ್ಕದಲ್ಲೇ ನಿಂತಿತ್ತು. ಅವರು ಫೋನು ಹಿಡಿದುಕೊಂಡೇ ಮಗನನ್ನು ತರಾಟೆಗೆ ತೆಗೆದುಕೊಂಡರು. ಮುಚ್ಚಿದರೆ ನಾನು ಡಬ್ಬಿ ಯಾರಿಗೆ ಕಳಿಸಲಿ, ಒಬ್ಬರ ಮನೆಯ ಪಾತ್ರೆ ಮನೆಯಲ್ಲಿ ಇಟ್ಟುಕೊಂಡು ಸಾಯಲೇ ಅಂತ. ನಾನೂ ಫಿಟ್ಟರನೂ ಫೋನಿಗೆ ಕಿವಿ ಹಚ್ಚಿ ಕೇಳಿದೆವು. ಅಷ್ಟು ವರ್ಕ್‌ಶಾಪ್ ಆಳುವ ಸಾಹೇಬರು ಸರೇ ಅಮ್ಮಾ, ಸರೇ ಅಮ್ಮಾ ಅನ್ನುವುದು ಬಿಟ್ಟರೆ ಇನ್ನೇನೂ ಅನ್ನಲಿಲ್ಲ.

ಬೇಸಿಗೆಯಲ್ಲಿ ಪಾರ್ಸಲ್ ಬಂತು. ಐವತ್ತನೆಯ ಡಬ್ಬಿ ಅದರಲ್ಲಿತ್ತು, ಡಬ್ಬಿಯ ತುಂಬ ಅರಿಸೆಲು, ಅಂದರೆ ನಮ್ಮ ಬೆಲ್ಲದ ಕಜ್ಜಾಯ. ಉಪ್ಪಿನಕಾಯಿಗೆ ಡಬ್ಬಿ ಸಣ್ಣದಾಯಿತಂತೆ, ಅದಕ್ಕೆ ಆವಕಾಯಿಯನ್ನು ತಮ್ಮದೇ ಒಂದು ದೊಡ್ಡ ಪಿಂಗಾಣಿ ಜಾಡಿಯಲ್ಲಿ ಕಳಿಸಿದ್ದರು. ಅದೇ ಸಂಜೆ ಸಾಹೇಬರು ಫೋನ್ ಮಾಡಿದರು. ಉಪ್ಪಿನಕಾಯಿ ಹೇಗಿದೆ ಅಂತ ಕೇಳಲಿಲ್ಲ. ಜಾಡಿ ವಾಪಸ್ ಬರುವವರೆಗೆ ನಿಮ್ಮ ವರ್ಕ್‌ಶಾಪಿನ ಸುದ್ದಿಗೆ ಹೋಗಕೂಡದು ಅಂತ ಮನೆಯಲ್ಲಿ ಅಪ್ಪಣೆಯಾಗಿದೆ, ಆದಷ್ಟು ಬೇಗ ಕಳಿಸಿಬಿಡಿ ಅಂದರು.

ಖಂಡಿತ ಸಾರ್ ಅಂದೆ. ಉಪ್ಪಿನಕಾಯಿ ಖಾಲಿಯಾದ ಮೇಲೆ ಫಿಟ್ಟರ್ ಜಾಡಿಯನ್ನು ಚೆನ್ನಾಗಿ ತೊಳೆದು, ಒರೆಸಿ, ಕಪಾಟಿನ ಮೇಲಿನ ಹಲಗೆಯಲ್ಲಿ ಯಾರ ಕೈಯೂ ತಾಕದ ಹಾಗೆ ಇಟ್ಟಿದ್ದಾನೆ. ಅದಕ್ಕೆ ತಕ್ಕಂಥದ್ದು ಏನು ತುಂಬಬೇಕು ಅಂತ ನಾವಿಬ್ಬರೂ ಇನ್ನೂ ಯೋಚನೆ ಮಾಡುತ್ತಿದ್ದೇವೆ. ನಮಗೇನೂ ಅವಸರವಿಲ್ಲ.